ಮೂಲೆಯಲ್ಲಿ ನಿಲ್ಲುವ ಹುಡುಗರು

ಯಲಬುರ್ಗಾ ಸೀಮೆಯ ಎರೆಯಲ್ಲಿ ಕಬಡ್ಡಿ ಅಂಕಣ ಮಾಡುವುದು ಅರ್ಧ ಒಕ್ಕಲುತನದ ಕೆಲಸ. ಆ ಮಣ್ಣು ಒಣಗಿದರೆ ಬಾಯಿ ಬಿಡುತ್ತದೆ, ನೆನೆದರೆ ಕಾಲು ಬಿಡುವುದಿಲ್ಲ. ಅದಕ್ಕೇ ಜಾತ್ರೆಯ ಪಂದ್ಯಾವಳಿಗೆ ಇನ್ನೂ ಎರಡು ದಿನ ಇರುವಾಗಲೇ ಟ್ರ್ಯಾಕ್ಟರಿನಲ್ಲಿ ಮಸಾರಿ ಮಣ್ಣು ಬಂದು ಬೀಳುತ್ತದೆ. ಹುಡುಗರು ಹೆಂಟೆ ಒಡೆಯುತ್ತಾರೆ, ಹರಳು ಆರಿಸುತ್ತಾರೆ, ಕೊಡದಿಂದ ನೀರು ಚಿಮುಕಿಸುತ್ತಾರೆ. ರೋಲರ್ ಇಲ್ಲದ ಊರಾದರೆ ತಾವೇ ಸಾಲುಗಟ್ಟಿ ನಿಂತು ತುಳಿಯುತ್ತಾರೆ. ಆಮೇಲೆ ಹುರಿ ಹಿಡಿದು ಅಳತೆ: ಉದ್ದ 13 ಮೀಟರ್, ಅಗಲ 10 ಮೀಟರ್. ಗೆರೆಗೆ ಸುಣ್ಣದ ಪುಡಿ. ಸಂಜೆ ಬಿದಿರಿನ ಕಂಬಕ್ಕೆ ದೀಪ ಕಟ್ಟಿ ಹಚ್ಚಿದರೆ ಹುಳಗಳು ಮೊದಲು ಬರುತ್ತವೆ, ಅವುಗಳ ಹಿಂದೆ ಊರು. ಮಾಳಿಗೆಯ ಮೇಲೆ ಹೆಣ್ಣುಮಕ್ಕಳು, ಟ್ರಾಲಿಯಲ್ಲಿ ಹಿರಿಯರು, ಗೆರೆಯ ಅಂಚಿಗೇ ಕುಕ್ಕರಗಾಲಲ್ಲಿ ಚಿಕ್ಕವರು. ಬದಿಯಲ್ಲಿ ಮಿರ್ಚಿಯ ಬಾಣಲಿ, ಒಗ್ಗರಣೆ ಮಂಡಾಳ.

ಮೈಕಿನವನಿಗೆ ಪ್ರತಿ ಊರಿನ ರೈಡರ್‌ನ ಹೆಸರೂ ಬಾಯಿಪಾಠ. ‘ಬರಾಕತ್ಯಾನ, ಬರಾಕತ್ಯಾನ, ಕುಷ್ಟಗಿ ಹುಲಿ ಬರಾಕತ್ಯಾನ!’ ಎಂದು ಅವನು ಕೂಗುವಾಗ ಯಾರೋ ಒಬ್ಬರು ಹಿಂದಿನಿಂದ ನೂರು ರೂಪಾಯಿಯ ನೋಟು ಕೊಟ್ಟು ಕಳಿಸುತ್ತಾರೆ. ಕೊಟ್ಟವರ ಹೆಸರು, ಪಡೆದವನ ಹೆಸರು ಎರಡೂ ಮೈಕಿನಲ್ಲಿ ಮೊಳಗುತ್ತವೆ. ನೋಟು ಹೋಗುವುದು ರೈಡರ್‌ಗೆ. ಅದೇ ಹುಲಿಯ ಕಾಲ್ಮಣಿಕಟ್ಟು ಹಿಡಿದು ನೆಲಕ್ಕೆ ಕೆಡವಿದವನಿಗೆ ಸಿಗುವುದು ಎರಡೇ ಮಾತು: ‘ರೈಡರ್ ಔಟ್.’ ಹಿಡಿದವನು ಮೊಣಕೈ ಮೇಲಿನ ಮಣ್ಣು ಒರೆಸಿಕೊಂಡು ತನ್ನ ಮೂಲೆಗೆ ಹೋಗಿ ಮತ್ತೆ ಬಗ್ಗಿ ನಿಲ್ಲುತ್ತಾನೆ.

ಈ ಬರಹ ಆ ಮೂಲೆಯವನದು. ಊರು ಅವನನ್ನು ಎಲ್ಲಿಂದ ಹುಡುಕಿ ತರುತ್ತದೆ, ಏನು ನೋಡಿ ಒಪ್ಪಿಕೊಳ್ಳುತ್ತದೆ ಎಂಬುದು.

ಪಂದ್ಯಕ್ಕೆ ಮೊದಲು ತೂಕ. ಹಳ್ಳಿಯ ಪಂದ್ಯಾವಳಿಗಳಲ್ಲಿ ಬಹಳಷ್ಟು ತೂಕದ ಲೆಕ್ಕದ ಮೇಲೆ ನಡೆಯುತ್ತವೆ. ಬ್ಯಾನರಿನ ಮೇಲೆ ದೇವರ ಚಿತ್ರದ ಕೆಳಗೆ ‘55 ಕೆ.ಜಿ. ವಿಭಾಗ’, ‘65 ಕೆ.ಜಿ. ವಿಭಾಗ’ ಎಂದು ದಪ್ಪಕ್ಷರ. ಕಾಳು ತೂಗುವ ಎಲೆಕ್ಟ್ರಾನಿಕ್ ಕಾಟಾ ಅಂದು ಹುಡುಗರನ್ನು ತೂಗುತ್ತದೆ. ಅರ್ಧ ಕಿಲೋ ಜಾಸ್ತಿ ಬಂದವನು ಅಂಗಿ ಕಳೆಯುತ್ತಾನೆ, ಉಡದಾರದ ಬೀಗದ ಕೈ ಬಿಚ್ಚುತ್ತಾನೆ, ಗುಡಿಯ ಸುತ್ತ ನಾಲ್ಕು ಸುತ್ತು ಓಡಿ ಬೆವರು ಹರಿಸಿ ಮತ್ತೆ ಬಂದು ಹತ್ತುತ್ತಾನೆ. ಮುಂದೆ ಹಿರಿಯರ ರಾಷ್ಟ್ರೀಯ ಮಟ್ಟಕ್ಕೆ ಹೋದರೂ ತಕ್ಕಡಿ ಬೆನ್ನು ಬಿಡುವುದಿಲ್ಲ. ಅಲ್ಲಿ ಗಂಡಸರಿಗೆ 85 ಕೆ.ಜಿ.ಯ ಗೆರೆ. ಹೀಗಾಗಿ ನಮ್ಮ ಕಡೆ ಹಿಡಿಯುವವನನ್ನು ಹುಡುಕುವಾಗ ದೇಹ ಎಷ್ಟು ದೊಡ್ಡದು ಎಂದು ಯಾರೂ ಕೇಳುವುದಿಲ್ಲ. ಇಷ್ಟೇ ತೂಕದೊಳಗೆ ಎಷ್ಟು ಕಸುವು ಕಟ್ಟಿಕೊಂಡಿದ್ದಾನೆ ಎಂದು ನೋಡುತ್ತಾರೆ.

ಆ ಕಸುವಿಗೆ ಈ ಕೊಪ್ಪಳ ಜಿಲ್ಲೆಯಲ್ಲಿ ತಾಲ್ಲೂಕಿಗೊಂದು ಮೂಲ. ಗಂಗಾವತಿ, ಕಾರಟಗಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಆ ನೀರಿಗೆ ಭತ್ತ, ಭತ್ತಕ್ಕೆ ರೈಸ್‌ಮಿಲ್ಲು, ಮಿಲ್ಲಿಗೆ ಹಮಾಲರು. ಅಲ್ಲಿ ಭತ್ತದ ವ್ಯವಹಾರ 75 ಕೆ.ಜಿ. ಚೀಲದ ಲೆಕ್ಕ. ಲಾರಿಯ ಹಲಗೆ ಹತ್ತಿ ಇಳಿದು ಚೀಲ ಹೊರುವ ಮನೆಯ ಹುಡುಗನಿಗೆ ಬೆನ್ನು ಮತ್ತು ತೊಡೆ ಹೇಳಿಕೊಡದೆ ಬರುತ್ತವೆ. ತಂಡದಲ್ಲಿ ಅವನು ಕವರ್. ರೈಡರ್‌ನ ಎದೆಗೆ ಎದೆ ಕೊಟ್ಟು ಡ್ಯಾಶ್ ಹೊಡೆದು ಲಾಬಿಯ ಆಚೆಗೆ ನೂಕುವುದು ಅವನ ಪಾಲಿನ ಕೆಲಸ.

ಕುಷ್ಟಗಿಯ ಬಯಲು ಬೇರೆ. ಮಳೆ ನಂಬಿದ ಸಜ್ಜೆ, ಶೇಂಗಾ, ಕಲ್ಲಿನ ಕ್ವಾರಿಗಳು, ಹಟ್ಟಿ ಕಟ್ಟಿಕೊಂಡು ತಿರುಗುವ ಕುರಿ. ಕೊಪ್ಪಳ, ರಾಯಚೂರು ಸೀಮೆಯದೇ ತಳಿಯಾದ ಕೆಂಗುರಿಯ ಹಿಂಡಿನಲ್ಲಿ ಔಷಧಿ ಕುಡಿಸಲು ಒಂದೇ ಕುರಿ ಬೇಕೆಂದರೆ ಕುರುಬರ ಹುಡುಗ ಅಟ್ಟಿಸಿಕೊಂಡು ಹೋಗುವುದಿಲ್ಲ. ಅಟ್ಟಿದರೆ ಹಿಂಡೆಲ್ಲ ಬೆದರುತ್ತದೆ. ಬೇರೆಲ್ಲೋ ನೋಡುತ್ತ ನಿಂತಂತೆ ನಿಂತು, ಆ ಕುರಿ ಪಕ್ಕದಿಂದ ದಾಟುವಾಗ ಬಗ್ಗಿ ಹಿಂಗಾಲು ಹಿಡಿಯುತ್ತಾನೆ. ಹಿಡಿದ ಮೇಲೆ ಎಳೆಯುವುದಿಲ್ಲ, ಎತ್ತುತ್ತಾನೆ. ಕಾಲು ನೆಲ ಬಿಟ್ಟರೆ ಪ್ರಾಣಿಗೆ ಬಲವಿಲ್ಲ. ಕಬಡ್ಡಿಯಲ್ಲಿ ಆ್ಯಂಕಲ್ ಹೋಲ್ಡ್ ಎಂದು ಕಲಿಸುವುದರ ಒಳಗುಟ್ಟು ಇದೇ: ಕಾಯಬೇಕು, ತಡವಾಗಿ ಬಗ್ಗಬೇಕು, ಹಿಡಿದ ಕಾಲನ್ನು ಮೇಲಕ್ಕೆತ್ತಬೇಕು. ಹಟ್ಟಿಯಲ್ಲಿ ಬೆಳೆದವನು ಕಾರ್ನರ್‌ಗೆ ಹೇಳಿ ಮಾಡಿಸಿದವನು ಎಂದು ಆ ಕಡೆಯ ಹಳೆಯ ಆಟಗಾರರು ನಂಬುವುದಕ್ಕೆ ಬೇರೆ ಕಾರಣ ಬೇಕಾಗಿಲ್ಲ.

ಯಲಬುರ್ಗಾ, ಕುಕನೂರಿನ ಕಡೆ ಪರೀಕ್ಷೆಗೆ ಹಬ್ಬವೇ ಸಾಕು. ನಾಗರಪಂಚಮಿ ಬಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡುಮಕ್ಕಳಿಗೆ ಪಂದ್ಯ. ಗರಡಿಯ ಮುಂದೆ ಹನುಮಪ್ಪನಿಗೆ ಕೈಮುಗಿದು ಸಂಗ್ರಾಣಿ ಕಲ್ಲು ಎತ್ತುವುದು, ಕ್ವಿಂಟಲ್ ಜೋಳದ ಚೀಲ ಹೆಗಲಿಗೇರಿಸಿಕೊಂಡು ಊರ ಬಾಗಿಲಿನ ತನಕ ನಡೆಯುವುದು. ಎತ್ತಿದವನಿಗೆ ಬೆಳ್ಳಿ ಕಡಗವೋ ಕುಪ್ಪಡದ ರುಮಾಲೋ ಸಿಕ್ಕೀತು. ಆದರೆ ಅಲ್ಲಿ ಕೂತ ಕಬಡ್ಡಿಯ ಹಿರಿಯನ ಕಣ್ಣು ಗೆದ್ದವನ ಮೇಲಷ್ಟೇ ಇರುವುದಿಲ್ಲ. ಕಲ್ಲು ಎದೆಗೆ ಬಂದು ಇನ್ನೇನು ಜಾರುತ್ತದೆ ಅನ್ನುವಾಗ ಯಾವ ಹುಡುಗ ಪಾದ ಸರಿಸದೆ ನಿಂತ, ಯಾವನು ಹಿಂದಕ್ಕೆ ಹೆಜ್ಜೆ ಇಟ್ಟ ಎಂದು ಅದು ಗುರುತು ಹಾಕಿಕೊಳ್ಳುತ್ತದೆ.

ಈಗ ಅಂಕಣದೊಳಗೆ ಬರೋಣ. ಏಳು ಜನ. ಎರಡು ತುದಿಗೆ ಕಾರ್ನರ್, ಅವರ ಪಕ್ಕ ಇನ್, ಆಮೇಲೆ ಕವರ್, ನಟ್ಟನಡುವೆ ಸೆಂಟರ್. ಕಾರ್ನರ್ ಮತ್ತು ಇನ್ ಒಬ್ಬರ ಕೈ ಒಬ್ಬರು ಹಿಡಿದಿರುತ್ತಾರೆ. ರೈಡರ್ ನಡುಗೆರೆ ದಾಟಿದ. ಇನ್ನು 30 ಸೆಕೆಂಡು. 3.75 ಮೀಟರ್ ಒಳಗಿನ ಬಾಕ್ ಲೈನ್ ಅವನು ದಾಟಲೇಬೇಕು. ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ. ಎದುರಿಗೆ ಆರು ಅಥವಾ ಹೆಚ್ಚು ಜನರಿದ್ದರೆ ಅದರ ಮೇಲೂ ಅವನ ಕಣ್ಣು. ಅವನು ಎಡಕ್ಕೆ ಭುಜ ಅಲ್ಲಾಡಿಸುತ್ತಾನೆ, ಬಲಕ್ಕೆ ಕೈ ಬೀಸುತ್ತಾನೆ, ಪಾದ ಮುಂದಿಟ್ಟು ಹಿಂದೆಳೆಯುತ್ತಾನೆ. ಇದೆಲ್ಲ ಮೂಲೆಯವನನ್ನು ಅವಸರಕ್ಕೆ ಕೆಡವುವ ಆಟ. ಅವಸರಪಟ್ಟು ಬಿದ್ದರೆ, ಅದು ಅಡ್ವಾನ್ಸ್ ಟ್ಯಾಕಲ್: ರೈಡರ್ ಮೈಮೇಲೆ ಹಾರಿ ನಡುಗೆರೆ ಮುಟ್ಟುತ್ತಾನೆ, ಮುಟ್ಟಿದವನು, ಅವನಿಗೆ ನೆರವಾಗಲು ಬಂದು ಮುಟ್ಟಿದವನು, ಎಲ್ಲರೂ ಹೊರಗೆ.

‘ಕೈ ನೋಡಬ್ಯಾಡಲೇ, ಕಾಲ ನೋಡು’ ಎಂದು ಗೆರೆಯಾಚೆಯಿಂದ ಮಾಸ್ತರರ ದನಿ. ಮೂಲೆಯ ಹುಡುಗ ನೋಡುತ್ತಿದ್ದಾನೆ. ರೈಡರ್‌ನ ಹಿಂಗಾಲಿನ ಹಿಮ್ಮಡಿ ನೆಲ ಊರಿ ಮೈಭಾರವೆಲ್ಲ ಅದರ ಮೇಲೆ ಕೂತ ಕ್ಷಣ, ಆ ಕಾಲು ಮತ್ತೆ ಏಳುವುದರೊಳಗೆ, ಹುಡುಗ ಕೈ ಬಿಡಿಸಿಕೊಂಡು ಒಳಗೆ ಬಿದ್ದ. ಎರಡೂ ಅಂಗೈ ಕಾಲ್ಮಣಿಕಟ್ಟಿನ ಮೇಲೆ. ಇಲ್ಲಿಗೆ ಅವನ ಪಾಲು ಮುಗಿಯಿತು. ಮುಂದಿನದು ಪಕ್ಕದವನ ಕೈಯಲ್ಲಿ. ಇನ್‌ನವನು ಅರ್ಧ ಹೆಜ್ಜೆ ಮೊದಲೇ ಹೊರಟಿದ್ದರೆ ರೈಡರ್ ಗೆರೆಯ ಕಡೆ ಚಾಚುವ ಮೊದಲೇ ಅವನ ಸೊಂಟ ಸಿಕ್ಕುತ್ತದೆ. ಅರ್ಧ ಹೆಜ್ಜೆ ತಡವಾದರೆ ಎಂಥ ಹಿಡಿತವೂ ಬರಿ ಧೂಳು. ಇವನು ಬೀಳುತ್ತಾನೆಂದು ಅವನಿಗೆ ಮೊದಲೇ ಹೇಗೆ ಗೊತ್ತಾಯಿತು? ಕೈಯಲ್ಲಿ ಕೈ ಇದ್ದಾಗಲೇ ಬೆರಳಿನ ಬಿಗಿ ಹೇಳಿರುತ್ತದೆ. ಆ ಭಾಷೆ ಇಬ್ಬರಿಗೇ ಗೊತ್ತು. ಅದು ಒಂದೇ ಊರಲ್ಲಿ, ಒಂದೇ ಮಣ್ಣಲ್ಲಿ, ವರ್ಷಗಟ್ಟಲೆ ಜೊತೆಗೆ ಬಿದ್ದೆದ್ದರೆ ಮಾತ್ರ ಬರುವಂಥದು.

ಇಂಥ ಹೆಸರಿಲ್ಲದ ಕೆಲಸಕ್ಕೆ ಜನರನ್ನು ಆರಿಸುವುದನ್ನೇ ದೊಡ್ಡ ಉತ್ಸವ ಮಾಡಿಕೊಂಡ ದೇಶ ಅಮೆರಿಕ. ಅಲ್ಲಿನ ಫುಟ್‌ಬಾಲಿನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಐದು ಜನ ಗೋಡೆಯಾಗಿ ನಿಲ್ಲುತ್ತಾರೆ: ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್, ತುದಿಗಳಲ್ಲಿ ಟ್ಯಾಕಲ್. ಎದುರಾಳಿ ನುಗ್ಗಿ ಬಂದು ಎಸೆಯುವವನನ್ನು ಕೆಡವದಂತೆ ತಡೆಯುವುದು ಇವರ ಕೆಲಸ. ಮಾಮೂಲಿ ಆಟದಲ್ಲಿ ಇವರು ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವಂತಿಲ್ಲ. ಎದುರಾಳಿಯನ್ನು ತಬ್ಬಿ ಹಿಡಿದರೂ ತಪ್ಪು, ತಂಡ ಹತ್ತು ಗಜ ಹಿಂದೆ ಸರಿಯಬೇಕು. ಹೆಚ್ಚು ಕಡಿಮೆ ಇವರ ನಂಬರು ಟಿವಿಯಲ್ಲಿ ಕೇಳಿಬರುವುದು ಹಾಗೆ ತಪ್ಪಿದಾಗಲೇ. ನಮ್ಮ ಮೂಲೆಯವನಿಗೆ ಹಿಡಿಯುವುದೇ ಧರ್ಮ, ಅಲ್ಲಿನವನಿಗೆ ಹಿಡಿಯದೆ ತಡೆಯುವುದು ಧರ್ಮ. ಹೆಸರು ಬಾರದ ಪಾಡು ಮಾತ್ರ ಇಬ್ಬರದೂ ಒಂದೇ.

ಕಾಲೇಜು ಮುಗಿಸಿ ಬರುವ ಹೊಸ ಹುಡುಗರನ್ನು ಅಲ್ಲಿ ಹರಾಜು ಹಾಕುವುದಿಲ್ಲ, ಸರದಿಯ ಮೇಲೆ ಆರಿಸಿಕೊಳ್ಳುತ್ತಾರೆ. 1936ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಶುರುವಾದ ಪದ್ಧತಿ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಈಗ 32 ತಂಡ, ಏಳು ಸುತ್ತು, ಮೂರು ದಿನ. ಅದಕ್ಕೂ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಅಳತೆಯ ಮೇಳ. ಅಲ್ಲಿ ಎದೆಯ ಮೇಲೆ ಎತ್ತಿ ಇಳಿಸಬೇಕಾದ ಕಬ್ಬಿಣದ ಭಾರ 225 ಪೌಂಡು, ಅಂದರೆ ಸುಮಾರು 102 ಕೆ.ಜಿ. ಪಂಚಮಿಯ ದಿನ ಕುಕನೂರಿನ ಕಡೆಯ ಹುಡುಗ ಹೆಗಲಿಗೇರಿಸುವ ಜೋಳದ ಚೀಲಕ್ಕಿಂತ ಎರಡು ಕಿಲೋ ಹೆಚ್ಚು, ಅಷ್ಟೇ. ಆದರೆ ಎತ್ತುವವರ ಮೈ ಬೇರೆ: 300 ಪೌಂಡು, ಅಂದರೆ 136 ಕೆ.ಜಿ. ಮೀರಿದವರೇ ಅಲ್ಲಿ ಸಾಮಾನ್ಯ.

ಅಳತೆ ಅತಿಯಾದರೆ ಏನಾಗುತ್ತದೆ ಎನ್ನುವುದಕ್ಕೂ ಅಲ್ಲೇ ನಿದರ್ಶನ ಇದೆ. 2025ರಲ್ಲಿ ವಿಲ್ ಕ್ಯಾಂಬೆಲ್ ಎಂಬ ಎಡ ಟ್ಯಾಕಲ್ ಹುಡುಗನ ತೋಳು ಆ ಮೇಳದಲ್ಲಿ 33 ಇಂಚಿಗೂ ತುಸು ಕಡಿಮೆ ಬಂತು. ಆ ಜಾಗಕ್ಕೆ ಅಷ್ಟು ತೋಳು ಸಾಲದೆಂದು ವಾರಗಟ್ಟಲೆ ಚರ್ಚೆ. ಕಡೆಗೆ ನ್ಯೂ ಇಂಗ್ಲೆಂಡ್ ತಂಡ ನಾಲ್ಕನೇ ಸರದಿಯಲ್ಲೇ ಅವನನ್ನು ಎತ್ತಿಕೊಂಡಿತು. ಇನ್ನೊಂದು ಕಥೆ ಇದಕ್ಕಿಂತ ಸೊಗಸು. ಸಿಡ್ನಿಯ ಜೋರ್ಡನ್ ಮೈಲಾಟಾ ರಗ್ಬಿ ಆಡಿಕೊಂಡಿದ್ದವನು. ಅಮೆರಿಕದ ಫುಟ್‌ಬಾಲಿನ ಒಂದು ಪಂದ್ಯವನ್ನೂ ಆಡಿರಲಿಲ್ಲ. 2018ರಲ್ಲಿ ಏಳನೇ ಸುತ್ತಿನಲ್ಲಿ, 233ನೆಯವನಾಗಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಅವನನ್ನು ಕರೆಯಿತು. ವರ್ಷಗಟ್ಟಲೆ ಕಲಿಸಿತು. 2025ರ ಫೆಬ್ರುವರಿಯಲ್ಲಿ ಆ ತಂಡ ಸೂಪರ್ ಬೌಲ್ ಎಂಬ ಫೈನಲ್ ಗೆದ್ದಾಗ ಎಡ ಟ್ಯಾಕಲ್ ಜಾಗದಲ್ಲಿ ನಿಂತಿದ್ದವನು ಅವನೇ. ಅಳತೆ ಕೊಟ್ಟದ್ದು ಬಾಗಿಲಿನ ತನಕದ ದಾರಿ. ಒಳಗೆ ಉಳಿಸಿದ್ದು ಕಲಿಸಿದವರ ತಾಳ್ಮೆ, ಪಕ್ಕದಲ್ಲಿ ನಿಂತವರ ಜೊತೆ.

ನಮ್ಮಲ್ಲಿ ಇದೇ ಬಾಗಿಲು ಪ್ರೊ ಕಬಡ್ಡಿಯ ಹರಾಜು. 2014ರ ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ದುಬಾರಿಯಾದ ರಾಕೇಶ್ ಕುಮಾರ್ ಬೆಲೆ 12.80 ಲಕ್ಷ ರೂಪಾಯಿ. 2018ರಲ್ಲಿ ಮೂಲೆಯವನಿಗೂ ಕಾಲ ಬಂತು: ಇರಾನಿನ ಫಜಲ್ ಅತ್ರಾಚಲಿ ಒಂದು ಕೋಟಿಗೆ ಯು ಮುಂಬಾ ಪಾಲಾದರು. ಆ ವರ್ಷದ ಆವೃತ್ತಿಯಲ್ಲೇ ಯುಪಿ ಯೋಧಾದ ಬಲ ಮೂಲೆ ನಿತೇಶ್ ಕುಮಾರ್ ಒಂದೇ ಆವೃತ್ತಿಯಲ್ಲಿ ನೂರು ಟ್ಯಾಕಲ್ ಅಂಕ ಗಳಿಸಿದ ಮೊದಲಿಗರಾದರು. 2023ರಲ್ಲಿ ಪುಣೇರಿ ಪಲ್ಟನ್ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2.35 ಕೋಟಿ ಕೊಟ್ಟಿತು, ಕನ್ನಡಿಗ ಬಿ.ಸಿ. ರಮೇಶ್ ತರಬೇತಿಯಲ್ಲಿ ಆ ತಂಡ 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು ಸೋಲಿಸಿ ಕಪ್ ಎತ್ತಿತು. ಸೋತ ಹರಿಯಾಣ ಪಾಠ ಕಲಿತದ್ದು ನೋಡಿ: ಮುಂದಿನ ಹರಾಜಿನಲ್ಲಿ 2.07 ಕೋಟಿ ಕೊಟ್ಟು ಶಾದ್ಲೂಯಿಯನ್ನೇ ತಂದಿತು, ಮುಂದಿನ ಕಪ್ಪನ್ನೂ ಎತ್ತಿತು.

ಹೆಸರಿಲ್ಲದವರಿಗೂ ಈಗ ಒಂದು ಸಾಲು ಇದೆ. ಹರಾಜಿನಲ್ಲಿ ಕೆಳಗಿನ ಡಿ ದರ್ಜೆಯ ಆಟಗಾರನ ಮೂಲಬೆಲೆ ಈಚಿನ ಆವೃತ್ತಿಗಳಲ್ಲಿ 9 ಲಕ್ಷ. ಹೊಸ ಹುಡುಗರನ್ನು ತಂಡಗಳು ‘ನ್ಯೂ ಯಂಗ್ ಪ್ಲೇಯರ್’ ಎಂಬ ಬೇರೆ ಪಟ್ಟಿಯಿಂದ ಸೇರಿಸಿಕೊಳ್ಳುತ್ತವೆ. ಬೆಂಗಳೂರು ಬುಲ್ಸ್‌ಗೆ ಹಾಗೆ ಎಳೆಯನಾಗಿ ಬಂದ ಬಲ ಮೂಲೆ ಸೌರಭ್ ನಂದಲ್ ಹತ್ತನೇ ಆವೃತ್ತಿಯ ಹೊತ್ತಿಗೆ ನಾಯಕನಾಗಿದ್ದರು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಫೈನಲ್ ಮುಟ್ಟಿದ ಎರಡು ಕಬಡ್ಡಿ ತಂಡಗಳ ಆಟಗಾರರಿಗೂ ಆ ವರ್ಷದ ಹರಾಜಿನ ಪಟ್ಟಿಯಲ್ಲಿ ಜಾಗ ಸಿಕ್ಕಿತು. 2023ರಲ್ಲಿ ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಶುರುವಾದ ಮೇಲೆ ವಿಶ್ವವಿದ್ಯಾಲಯ ತಂಡದ ಅಂಗಿ ತೊಡುವ ಆಸೆ ಈ ಜಿಲ್ಲೆಯ ಹುಡುಗರಿಗೆ ತೀರ ದೂರದ್ದಲ್ಲ.

ಆದರೆ ಅಲ್ಲಿಗೆ ಹೋಗುವ ಮೆಟ್ಟಿಲು ಕೊಪ್ಪಳದ ಜಿಲ್ಲಾ ಕ್ರೀಡಾಂಗಣದಲ್ಲಿದೆ. ದಸರಾ ಕ್ರೀಡಾಕೂಟವೋ, ಶಾಲಾ ಕ್ರೀಡಾಕೂಟವೋ, ಜಿಲ್ಲಾ ತಂಡದ ಆಯ್ಕೆಯೋ, ಬೆಳಗಿನ ಮೊದಲ ಬಸ್ಸಿಗೇ ಹುಡುಗರು ಬಂದಿಳಿಯುತ್ತಾರೆ. ಗಂಗಾವತಿಯವರು ಒಂದೇ ಬಣ್ಣದ ಅಂಗಿಯಲ್ಲಿ. ಕುಷ್ಟಗಿಯವರ ಬೆನ್ನ ಮೇಲೆ ಯಾವುದೋ ಗೊಬ್ಬರದ ಅಂಗಡಿಯ ಹೆಸರು. ಯಲಬುರ್ಗಾದವರ ಚೀಲದಲ್ಲಿ ಅವ್ವ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವರು ಮ್ಯಾಟಿಗಾಗಿ ಗೆಳೆಯನ ಬೂಟು ಇಸಿದುಕೊಂಡು ಬಂದಿದ್ದಾರೆ. ಅರ್ಧ ನಂಬರು ದೊಡ್ಡದು, ತುದಿಗೆ ಬಟ್ಟೆ ತುರುಕಿದೆ. ಹೆಸರು ಬರೆಸು, ಆಧಾರ್ ತೋರಿಸು, ಎತ್ತರ ನಿಲ್ಲು, ತಕ್ಕಡಿ ಹತ್ತು. ಆಮೇಲೆ ಓಟ, ಜಿಗಿತ. ಆಮೇಲೆ ಹದಿನೈದು ನಿಮಿಷದ ಆಟ. ಯಾರು ಯಾರ ಪಕ್ಕ ಎಂಬುದು ಎದೆಗೆ ಅಂಟಿಸಿದ ನಂಬರಿನ ಲೆಕ್ಕ.

ರೈಡರ್‌ಗಳಿಗೆ ಈ ಹದಿನೈದು ನಿಮಿಷ ಧಾರಾಳ. ಒಂದು ಸಲ ಒಳಗೆ ಹೋಗಿ ಇಬ್ಬರನ್ನು ಮುಟ್ಟಿ ಬಂದರೆ ಆಯ್ಕೆಗಾರರ ಪೆನ್ನು ಅಲ್ಲಾಡುತ್ತದೆ. ಮೂಲೆಯವನ ಸಂಕಟವೇ ಬೇರೆ. ಕುಷ್ಟಗಿಯ ಹಟ್ಟಿಯ ಹುಡುಗ ಇಲ್ಲಿ ಹಿಡಿದಿರುವುದು ಹೆಸರು ಗೊತ್ತಿಲ್ಲದ ಕೈ. ಬೆರಳು ಬಿಗಿದರೆ ಪಕ್ಕದವನಿಗೆ ಅರ್ಥವಾಗುವುದಿಲ್ಲ. ಇವನು ಬಿದ್ದು ಕಾಲು ಹಿಡಿದಾಗ ಇನ್‌ನವನು ನಿಂತು ನೋಡುತ್ತಾನೆ. ರೈಡರ್ ಎಳೆದುಕೊಂಡು ಹೋಗಿ ಗೆರೆ ಮುಟ್ಟುತ್ತಾನೆ. ಪಟ್ಟಿಯಲ್ಲಿ ಇವನ ಹೆಸರಿನ ಮುಂದೆ ಸೋತ ಹಿಡಿತ ಅಂತ ಒಂದು ಗೀಟು. ಇನ್ನೊಬ್ಬ ಮೂಲೆಯವನು ಬಲ ಸುಮಾರು, ಆದರೆ ಪಕ್ಕದಲ್ಲಿ ಅದೃಷ್ಟಕ್ಕೆ ಅವನ ಊರಿನ ಇನ್‌ನವನೇ ನಿಂತಿದ್ದಾನೆ. ಅವನು ಮೂರು ಹಿಡಿದ. ಸಂಜೆ ಹನ್ನೆರಡು ಹೆಸರು ಓದುವಾಗ ಯಾರ ಹೆಸರು ಇರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲಿ ಆಯ್ಕೆಗಾರರ ಪಕ್ಷಪಾತ ಹುಡುಕಬೇಕಾಗಿಲ್ಲ. ಅವರ ಕೈಯಲ್ಲಿರುವ ಹಾಳೆಯೇ ಒಬ್ಬೊಬ್ಬನಿಗೆ ಒಂದೊಂದು ಸಾಲಿನದು. ಇಂಡಿಯಾನಾಪೊಲಿಸ್‌ನ ಹಾಳೆಯೂ ಹಾಗೇ, ಮುಂಬೈಯ ಹರಾಜಿನ ಪರದೆಯೂ ಹಾಗೇ. ತೋಳಿನ ಉದ್ದಕ್ಕೆ ಒಂದು ಅಂಕಣ ಇದೆ, ಟ್ಯಾಕಲ್ ಅಂಕಕ್ಕೆ ಒಂದು ಇದೆ, ಇಬ್ಬರ ನಡುವಿನ ಹೊಂದಾಣಿಕೆಗೆ ಇಲ್ಲ. ಕೋಟಿ ಸುರಿಯುವ ತಂಡಗಳು ಆ ಕೊರತೆಯನ್ನು ತಿಂಗಳುಗಟ್ಟಲೆಯ ಶಿಬಿರದಲ್ಲಿ ತುಂಬಿಕೊಳ್ಳುತ್ತವೆ. ಕಲಬುರಗಿಯಲ್ಲಿ ವಿಭಾಗ ಮಟ್ಟದ ಪಂದ್ಯಕ್ಕೆ ಹೊರಡುವ ಜಿಲ್ಲಾ ತಂಡಕ್ಕೆ ಅಷ್ಟು ದಿನವೂ ಇಲ್ಲ, ದುಡ್ಡೂ ಇಲ್ಲ. ಬೇರೆ ಬೇರೆ ಊರಿನ ಹನ್ನೆರಡು ಒಳ್ಳೆಯ ಹುಡುಗರು ಬಸ್ಸು ಹತ್ತುತ್ತಾರೆ, ಬಹಳ ಸಲ ಒಂದೇ ಊರಿನ ಏಳು ಸಾಧಾರಣ ಹುಡುಗರ ಮುಂದೆ ಸೋತು ಬರುತ್ತಾರೆ.

ಇದಕ್ಕೆ ಮದ್ದು ಕೊಪ್ಪಳದಲ್ಲೇ ಸಿಗುವಂಥದು, ಖರ್ಚೂ ಇಲ್ಲದ್ದು. ರೈಡರ್‌ಗಳನ್ನು ಒಬ್ಬೊಬ್ಬರಾಗಿ ಕರೆಯಿರಿ. ಮೂಲೆಯವನನ್ನು ಕರೆಯುವಾಗ ಅವನ ಕೈ ಹಿಡಿಯುವವನನ್ನೂ ಜೊತೆಗೆ ಕರೆಯಿರಿ. ಮೊದಲು ಆ ಜೋಡಿಯನ್ನು ಆಡಿಸಿ ನೋಡಿ, ಆಮೇಲೆ ಜೋಡಿ ಒಡೆದು ಹೊಸಬರ ಪಕ್ಕ ನಿಲ್ಲಿಸಿ ನೋಡಿ. ಎರಡನೇ ಸಲ ಯಾವನು ಹೊಸ ಕೈಯ ಬಿಗಿಯನ್ನು ಬೇಗ ಓದುತ್ತಾನೋ, ಪಕ್ಕದವನು ತಡವಾದಾಗ ಬೈಯದೆ ತಾನೇ ಅರ್ಧ ಹೆಜ್ಜೆ ಕಾಯುತ್ತಾನೋ, ಅವನನ್ನು ಮೊದಲು ಬರೆದುಕೊಳ್ಳಿ. ಹಮಾಲರ ಓಣಿಯ ಬೆನ್ನು, ಹಟ್ಟಿಯ ತಾಳ್ಮೆ, ಗರಡಿಯ ಪಾದ ಈ ನೆಲದಲ್ಲಿ ಬೇಕಾದಷ್ಟು ಇವೆ. ಹನ್ನೆರಡರ ಪಟ್ಟಿ ಬರೆಯುವವರು ಅದರಲ್ಲಿ ಒಂದೆರಡು ಸಾಲನ್ನು ಜೋಡಿಗೆಂದು ಬಿಟ್ಟು ನೋಡಲಿ. ಮುಂದಿನ ಸಲ ಕಲಬುರಗಿಯಿಂದ ಬರುವ ಫಲಿತಾಂಶವೇ ಉಳಿದ ಮಾತು ಆಡುತ್ತದೆ.